ಮಣ್ಣಿನ ಗೋಡೆಯ ಮಂಟಪ

ತನ್ನಲ್ಲಿರುವುದನ್ನು ನಾಲ್ಕು ಜನರಿಗೆ ತೋರಿಸಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ನವರಾತ್ರಿಯಲ್ಲಿ ಮನೆಯ ಮಕ್ಕಳು ಗೊಂಬೆ ಕೂರಿಸಿ ನೆರೆಹೊರೆಯವರನ್ನು ಕರೆತಂದು ತೋರಿಸುವುದೂ ಈ ಆಸೆಯಿಂದಲೇ. ದೊಡ್ಡ ದೊಡ್ಡ ರಾಷ್ಟ್ರಗಳು ಕೋಟ್ಯಂತರ ಹಣ ಸುರಿದು ಅಂತರರಾಷ್ಟ್ರೀಯ ವಸ್ತುಪ್ರದರ್ಶನಗಳನ್ನು ಏರ್ಪಡಿಸುವುದೂ ಈ ಆಸೆಯಿಂದಲೇ. ಗೊಂಬೆಯ ಹಬ್ಬದಲ್ಲಿ ಕೂರಿಸುವವರು ಬೇರೆ, ಕೂರುವ ಗೊಂಬೆ ಬೇರೆ. ಪಟ್ಟದ ಗೊಂಬೆ ಮೇಲಿನ ಮೆಟ್ಟಿಲಿಗೆ, ಅಂಗಡಿಯ ಶೆಟ್ಟಿ ಕೆಳಗಿನ ಮೆಟ್ಟಿಲಿಗೆ ಎಂದು ಮನೆಯವರು ನಿರ್ಧರಿಸುತ್ತಾರೆಯೇ ಹೊರತು ಗೊಂಬೆಯ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ. ಗೊಂಬೆಗೆ ಬಾಯಿಲ್ಲವಾದ್ದರಿಂದ ಅದರಿಂದ ಯಾರಿಗೂ ಅನ್ಯಾಯವಾಗದು. ಆದರೆ ಬಾಯುಳ್ಳ ಮನುಷ್ಯರನ್ನೇ ಗೊಂಬೆಗಳಂತೆ ಕೂರಿಸಿದ ಕಾಲವೊಂದಿತ್ತು.

ಅಂತರರಾಷ್ಟ್ರೀಯ ಪ್ರದರ್ಶನಗಳ ಚರಿತ್ರೆಯನ್ನು 1851ರ ಲಂಡನ್ ಪ್ರದರ್ಶನದಿಂದ ಹೇಳತೊಡಗುವುದು ವಾಡಿಕೆ. ಹೈಡ್ ಪಾರ್ಕಿನಲ್ಲಿ ಗಾಜು ಮತ್ತು ಕಬ್ಬಿಣಗಳಿಂದ ಕಟ್ಟಿದ ಮಹಾಭವನದಲ್ಲಿ ಅಂದು ಜಗತ್ತಿನ ನಾನಾ ಕಡೆಯ ಸರಕುಗಳು ಸೇರಿದ್ದವು. ನಮ್ಮ ಕೊಹಿನೂರ್ ವಜ್ರವೂ ಅಲ್ಲಿತ್ತು. ಭಾರತದ ವಸ್ತುಗಳನ್ನು ಅಲ್ಲಿ ಜೋಡಿಸಿ ತೋರಿಸಿದವರು ಭಾರತೀಯರಲ್ಲ, ಈಸ್ಟ್ ಇಂಡಿಯಾ ಕಂಪನಿಯವರು. ಅಂದರೆ ನಾವೂ ಒಂದು ಕಾಲದಲ್ಲಿ ಕೂರಿಸಿದ ಗೊಂಬೆಗಳೇ. ಆದರೂ ಆಫ್ರಿಕಾದ ಜನರಿಗೆ ಆದುದನ್ನು ನೆನೆದರೆ ನಮ್ಮ ಪಾಲಿನದು ಹಗುರವೆಂದೇ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಲ್ಜಿಯಂ ದೇಶದ ದೊರೆ ಎರಡನೆಯ ಲಿಯೊಪೋಲ್ಡನು ಮಧ್ಯ ಆಫ್ರಿಕಾದ ಕಾಂಗೋ ನಾಡನ್ನು ತನ್ನ ಸ್ವಂತ ಆಸ್ತಿಯನ್ನಾಗಿ ಇಟ್ಟುಕೊಂಡಿದ್ದನು. ತನ್ನ ರಾಜ್ಯಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಆ ನಾಡನ್ನು ಅವನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಅಲ್ಲಿಯ ಕಾಡುಗಳಿಂದ ರಬ್ಬರನ್ನೂ ದಂತವನ್ನೂ ತರಿಸಲು ಅವನ ಆಳುಗಳು ಆ ಜನರನ್ನು ಹಿಂಸಿಸಿದ ಬಗೆ ಆಮೇಲೆ ಲೋಕಕ್ಕೆಲ್ಲ ತಿಳಿಯಿತು. 1897ರಲ್ಲಿ ಬ್ರಸೆಲ್ಸ್ ನಗರದಲ್ಲಿ ಅಂತರರಾಷ್ಟ್ರೀಯ ಪ್ರದರ್ಶನ ನಡೆದಾಗ, ದೊರೆಯು ನಗರದ ಸಮೀಪದ ತೆರ್ವೂರೆನ್ ಎಂಬಲ್ಲಿ ತನ್ನ ಕಾಂಗೋ ವೈಭವವನ್ನು ತೋರಿಸಬಯಸಿದನು. ದಂತ, ಮರ, ಆಯುಧಗಳೊಡನೆ 267 ಮಂದಿ ಕಾಂಗೋ ಜನರನ್ನು ಹಡಗಿನಲ್ಲಿ ತರಿಸಿದನು. ಉದ್ಯಾನದ ಕೊಳದ ದಡದಲ್ಲಿ ಅವರಿಗಾಗಿ ಕೃತಕ ಹಳ್ಳಿಗಳನ್ನು ನಿರ್ಮಿಸಲಾಯಿತು. ಗಂಡಸರು ದೋಣಿ ನಡೆಸಬೇಕು, ಹೆಂಗಸರು ಅಡಿಗೆ ಮಾಡಬೇಕು, ಮಕ್ಕಳು ಆಡಬೇಕು. ಬೇಲಿಯ ಹೊರಗೆ ನಿಂತು ಜನ ನೋಡಬೇಕು. ನೋಡಲು ಹತ್ತು ಲಕ್ಷಕ್ಕೂ ಮಿಕ್ಕಿ ಜನ ಬಂದರು. ಮೃಗಾಲಯದಲ್ಲಿ ಮಂಗಗಳಿಗೆ ಎಸೆಯುವಂತೆ ಕೆಲವರು ತಿಂಡಿಯನ್ನು ಎಸೆದರು. ಇವರಿಗೆ ಆಹಾರವನ್ನು ವ್ಯವಸ್ಥಾಪಕರೇ ಕೊಡುತ್ತಾರೆ ಎಂಬ ಅರ್ಥದ ಫಲಕವನ್ನು ಕೊನೆಗೆ ಅಲ್ಲಿ ಹಾಕಬೇಕಾಯಿತು. ಎಸೆಯುವುದು ತಪ್ಪು ಎಂದು ಹೇಳುವ ಮನಸ್ಸು ಫಲಕ ಬರೆದವರಿಗೂ ಬರಲಿಲ್ಲ. ಆ ವರ್ಷ ಬೇಸಗೆಯಲ್ಲಿಯೂ ಚಳಿಮಳೆ ಬಿಡಲಿಲ್ಲ. ಬೆಚ್ಚಗಿನ ನಾಡಿನಿಂದ ಬಂದವರಲ್ಲಿ ಏಳು ಮಂದಿ ಕಾಯಿಲೆ ಬಿದ್ದು ಅಲ್ಲಿಯೇ ಸತ್ತರು. ತೆರ್ವೂರೆನ್ನಿನ ಇಗರ್ಜಿಯ ಪಕ್ಕದಲ್ಲಿ ಅವರ ಸಮಾಧಿಗಳು ಇಂದಿಗೂ ಇವೆ. ಕಲ್ಲುಗಳ ಮೇಲೆ ಅವರ ಹೆಸರುಗಳಿವೆ. ಪ್ರದರ್ಶನ ನಡೆಯುತ್ತಿದ್ದಾಗ ಅವರ ಹೆಸರನ್ನು ಕೇಳಿದವರು ಎಷ್ಟು ಮಂದಿಯಿದ್ದರೋ!

ಇದು ಬಹಳ ಹಿಂದಿನ ಮಾತು, ಆಗಿನ ಜನ ಹಾಗಿದ್ದರು ಎಂದು ನೀವು ಸಮಾಧಾನ ಹೇಳಿಕೊಳ್ಳಬಹುದು. 1958ರಲ್ಲಿ, ಭಾರತ ಸ್ವತಂತ್ರವಾಗಿ ಹನ್ನೊಂದು ವರ್ಷಗಳಾದ ಮೇಲೆ, ಅದೇ ಬ್ರಸೆಲ್ಸಿನಲ್ಲಿ ಇನ್ನೊಂದು ಮಹಾಪ್ರದರ್ಶನ ನಡೆಯಿತು. ಅಣುಯುಗದ ಮೇಳವೆಂದು ಅದಕ್ಕೆ ಹೆಸರು. ಕಬ್ಬಿಣದ ಹರಳಿನ ಆಕಾರವನ್ನು ಬೆಳೆಸಿ ಕಟ್ಟಿದ ಎತ್ತರದ ಗೋಪುರ ಅಲ್ಲಿನ ಹೆಗ್ಗುರುತು. ವಿಜ್ಞಾನ ಇಷ್ಟು ಮುಂದುವರಿದಿದ್ದ ಆ ಮೇಳದ ಇನ್ನೊಂದು ಮಗ್ಗುಲಲ್ಲಿ ಮತ್ತೆ ಒಂದು ಕಾಂಗೋ ಹಳ್ಳಿ, ಮತ್ತೆ ಬಿದಿರಿನ ಬೇಲಿ, ಮತ್ತೆ ಬೇಲಿಯ ಹೊರಗಿನಿಂದ ಅಪಹಾಸ್ಯ! ಆದರೆ ಈ ಸಲ ಬಂದವರು ಸುಮ್ಮನಿರಲಿಲ್ಲ. ನೋಡುವವರ ನಡತೆಯಿಂದ ಬೇಸತ್ತು, ಮೇಳ ಮುಗಿಯುವ ಮೊದಲೇ ಹಳ್ಳಿಯನ್ನು ಬರಿದು ಮಾಡಿ ತಮ್ಮ ನಾಡಿಗೆ ಹಿಂದಿರುಗಿದರು. ಎರಡು ವರ್ಷಗಳ ಬಳಿಕ, 1960ರ ಜೂನ್ 30ರಂದು, ಕಾಂಗೋ ಸ್ವತಂತ್ರವಾಯಿತು. ಆ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳಿಗೆ ಸ್ವಾತಂತ್ರ್ಯ ಬಂದಿತು.

ಸ್ವತಂತ್ರವಾದವನು ಮೊದಲು ಮಾಡುವ ಕೆಲಸವೇನು? ತನ್ನದೆಂದು ಒಂದು ಮನೆಯನ್ನು ಹೊಂದಿಸಿಕೊಳ್ಳುತ್ತಾನೆ. ಅಂತರರಾಷ್ಟ್ರೀಯ ಮೇಳಗಳಲ್ಲಿ ಆ ಮನೆಗೆ ಪೆವಿಲಿಯನ್ ಎಂದು ಹೆಸರು. ನಾವು ಅದನ್ನು ಮಂಟಪವೆಂದು ಕರೆಯೋಣ. 1967ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ನಡೆದ ಮೇಳದಲ್ಲಿ ಹೊಸದಾಗಿ ಸ್ವತಂತ್ರವಾದ ಆಫ್ರಿಕಾದ ದೇಶಗಳು ಹೆಮ್ಮೆಯಿಂದ ಕಾಲಿಟ್ಟವು. ಆದರೆ ಒಂದೊಂದು ದೇಶವೂ ಬೇರೆ ಬೇರೆ ಮಂಟಪ ಕಟ್ಟುವಷ್ಟು ಹಣ ಎಲ್ಲಿಂದ ಬರಬೇಕು? ಅದಕ್ಕಾಗಿ ಹದಿನೈದರಷ್ಟು ದೇಶಗಳು ‘ಆಫ್ರಿಕಾ ಪ್ಲೇಸ್’ ಎಂಬ ಒಂದೇ ವಠಾರವನ್ನು ಹಂಚಿಕೊಂಡವು. ಬಿಳಿಯ ಗೋಡೆಗಳ ಸಣ್ಣ ಸಣ್ಣ ಮನೆಗಳು ಒತ್ತೊತ್ತಾಗಿ ನಿಂತು, ನಡುವೆ ಅಂಗಳಗಳನ್ನು ಬಿಟ್ಟು, ಒಂದು ಊರಿನಂತೆ ಕಾಣುತ್ತಿದ್ದ ಆ ಕಟ್ಟಡ ಚೆನ್ನಾಗಿಯೇ ಇತ್ತೆಂದು ಅದರ ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ. ಇಥಿಯೋಪಿಯ ದೇಶವು ಮಾತ್ರ ಕೆಂಪು ಡೇರೆಯಂಥ ತನ್ನ ಮಂಟಪವನ್ನು ಬೇರೆಯಾಗಿಯೇ ನಿಲ್ಲಿಸಿತು. ಅದರ ಚಕ್ರವರ್ತಿ ಹೈಲೆ ಸೆಲಾಸಿ ತಾವೇ ಬಂದು ಮೇಳವನ್ನು ನೋಡಿ ಹೋದರು. ವಠಾರದಲ್ಲಿ ನೈಜೀರಿಯಕ್ಕೆ ಒಂದು ಮನೆಯಿತ್ತು. ಮೇಳ ನಡೆಯುತ್ತಿದ್ದಾಗಲೇ ಆ ದೇಶದ ಪೂರ್ವಭಾಗ ಬಯಾಫ್ರ ಎಂಬ ಹೆಸರಿನಿಂದ ಬೇರೆಯಾಗಿ, ಜುಲೈ ತಿಂಗಳಲ್ಲಿ ಯುದ್ಧ ಹೊತ್ತಿಕೊಂಡಿತು. ಹೊರನಾಡಿನಲ್ಲಿ ಒಂದೇ ಬಾಗಿಲಿನ ಮನೆ, ಊರಿನಲ್ಲಿ ಒಡೆದ ಮನೆ.

ವಠಾರದ ಬಾಳಿನಲ್ಲಿ ಅನುಕೂಲವುಂಟು; ತೊಂದರೆಯೂ ಉಂಟು. ಹೊರಗಿನವರಿಗೆ ವಠಾರದ ಹೆಸರು ನೆನಪಿರುತ್ತದೆ, ಒಳಗಿನ ಮನೆಗಳ ಹೆಸರು ನೆನಪಿರುವುದಿಲ್ಲ. ನಾನು ಪಾಠ ಹೇಳುತ್ತಿದ್ದ ಒಂದು ಶಾಲೆಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ವಸ್ತುಪ್ರದರ್ಶನ ನಡೆಯುತ್ತಿತ್ತು. ಅದರಲ್ಲಿ ಫ್ರಾನ್ಸಿಗೆ ಒಂದು ಮೇಜು, ಜಪಾನಿಗೆ ಒಂದು ಮೇಜು, ಇಂಗ್ಲೆಂಡಿಗೆ ಎರಡು ಮೇಜು. ಮೂಲೆಯಲ್ಲಿ ‘ಆಫ್ರಿಕಾ’ ಎಂಬ ಇನ್ನೊಂದು ಮೇಜು. ಅದರ ಮೇಲೆ ಹುಲ್ಲಿನ ಗುಡಿಸಲು, ರಟ್ಟಿನ ಸಿಂಹ, ಒಂದು ಡೋಲು. ಒಬ್ಬ ಹುಡುಗಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದು, “ಸಾರ್, ಈ ಗುಡಿಸಲು ಯಾವ ದೇಶದ್ದು?” ಎಂದು ಕೇಳಿದಳು. ಮೇಜನ್ನು ಸಿದ್ಧಪಡಿಸಿದ್ದ ಉಪಾಧ್ಯಾಯರು ನಕ್ಕು, “ಆಫ್ರಿಕಾದ್ದಮ್ಮ” ಎಂದರು. ಅವಳಿಗೆ ಸಮಾಧಾನವಾದಂತೆ ತೋರಲಿಲ್ಲ. ಐವತ್ತನಾಲ್ಕು ದೇಶಗಳೂ ಎರಡು ಸಾವಿರದಷ್ಟು ಭಾಷೆಗಳೂ ಇರುವ ಖಂಡಕ್ಕೆ ಒಂದು ಮೇಜು ಸಾಲದು ಎಂಬುದು ಆ ಹುಡುಗಿಯ ಪ್ರಶ್ನೆಯೊಳಗೇ ಇತ್ತು. ದುಬೈ ನಗರದಲ್ಲಿ 2021ರ ಅಕ್ಟೋಬರಿನಿಂದ 2022ರ ಮಾರ್ಚಿಯವರೆಗೆ ನಡೆದ ಜಾಗತಿಕ ಮೇಳದಲ್ಲಿ, ಬಂದ ಪ್ರತಿಯೊಂದು ದೇಶಕ್ಕೂ ಪ್ರತ್ಯೇಕ ಮಂಟಪವಿರಬೇಕೆಂದು ಗೊತ್ತುಮಾಡಿದರು. ಮಾಂಟ್ರಿಯಲ್ಲಿನ ವಠಾರದಿಂದ ಅಲ್ಲಿಗೆ ಬರಲು ಐವತ್ತು ವರ್ಷಗಳಿಗೂ ಮಿಕ್ಕಿ ಹಿಡಿಯಿತು.

ಇವೆಲ್ಲ ಸರಕು, ಯಂತ್ರ, ವ್ಯಾಪಾರಗಳ ಮೇಳಗಳು. ಕಲೆಗೇ ಮೀಸಲಾದ ಮೇಳವೊಂದು ಇಟಲಿಯ ವೆನಿಸ್ ನಗರದಲ್ಲಿ ನಡೆಯುತ್ತದೆ. ಅದು ಆರಂಭವಾದುದು 1895ರಲ್ಲಿ. ಎರಡು ವರ್ಷಗಳಿಗೊಮ್ಮೆ ನಡೆಯುವುದರಿಂದ ಅದನ್ನು ಬಿಯೆನಾಲೆ ಎನ್ನುತ್ತಾರೆ. ಅಲ್ಲಿಯೂ ದೇಶದೇಶಗಳ ಮಂಟಪಗಳುಂಟು. ಜಿಯಾರ್ದಿನಿ ಎಂಬ ಉದ್ಯಾನದಲ್ಲಿ ಮರಗಳ ನೆರಳಿನಲ್ಲಿ ಸುಮಾರು ಮೂವತ್ತು ದೇಶಗಳು ತಮ್ಮ ಶಾಶ್ವತ ಮಂಟಪಗಳನ್ನು ಕಟ್ಟಿಕೊಂಡಿವೆ. ಮೊದಲ ಮಂಟಪವನ್ನು 1907ರಲ್ಲಿ ಕಟ್ಟಿದ ದೇಶ ಯಾವುದು ಗೊತ್ತೇ? ಬೆಲ್ಜಿಯಂ! ಆಗ ಎರಡನೆಯ ಲಿಯೊಪೋಲ್ಡನು ಇನ್ನೂ ಬದುಕಿದ್ದನು. ಕಾಂಗೋ ಇನ್ನೂ ಅವನ ಸ್ವಂತ ಆಸ್ತಿಯಾಗಿತ್ತು. ಮುಂದೆ ಸ್ಥಳ ತುಂಬುತ್ತ ಹೋಯಿತು. ಆಫ್ರಿಕಾ ಸ್ವತಂತ್ರವಾಗುವ ಹೊತ್ತಿಗೆ ಉದ್ಯಾನದಲ್ಲಿ ಜಾಗವೇ ಉಳಿದಿರಲಿಲ್ಲವೆನ್ನಬಹುದು. ಇಡೀ ಖಂಡದಲ್ಲಿ ಈಜಿಪ್ಟಿಗೆ ಮಾತ್ರ, 1952ರಿಂದ, ಅಲ್ಲಿ ಸ್ವಂತ ಮಂಟಪವಿದೆ. ಉಳಿದವರು ಹಳೆಯ ನೌಕಾಂಗಣವಾದ ಆರ್ಸೆನಾಲೆಯಲ್ಲಿಯೋ, ಊರೊಳಗಿನ ಯಾವುದಾದರೂ ಹಳೆಯ ಅರಮನೆಯಲ್ಲಿಯೋ ಬಾಡಿಗೆಗೆ ಜಾಗ ಹಿಡಿಯಬೇಕು. ನಮ್ಮ ಭಾರತಕ್ಕೂ ಉದ್ಯಾನದಲ್ಲಿ ಶಾಶ್ವತ ಮಂಟಪವಿಲ್ಲ. ಊಟದ ಪಂಕ್ತಿಗೆ ತಡವಾಗಿ ಬಂದವರ ಪಾಡು ಎಲ್ಲೆಲ್ಲಿಯೂ ಒಂದೇ.

ಬಾಡಿಗೆಯ ಜಾಗದಲ್ಲಿ ದೊಡ್ಡ ಕೆಲಸವಾಗದೆಂದು ಹೇಳುವಂತಿಲ್ಲ. 2013ರಲ್ಲಿ ಅಂಗೋಲ ದೇಶವು ಮೊಟ್ಟಮೊದಲ ಬಾರಿಗೆ ವೆನಿಸಿಗೆ ಬಂದಿತು. ಅದಕ್ಕೆ ದೊರೆತದ್ದು ಚೀನಿ ಅರಮನೆ ಎಂಬ ಒಂದು ಹಳೆಯ ಮನೆ. ಅದರ ಗೋಡೆಗಳ ಮೇಲೆ ಶತಮಾನಗಳ ಹಿಂದಿನ ಇಟಲಿಯ ವರ್ಣಚಿತ್ರಗಳು, ಅವನ್ನು ಕದಲಿಸುವಂತಿರಲಿಲ್ಲ. ಎಡ್ಸನ್ ಶಾಗಾಸ್ ಎಂಬ ಅಂಗೋಲದ ಛಾಯಾಗ್ರಾಹಕರು ತಮ್ಮ ರಾಜಧಾನಿಯಾದ ಲುವಾಂಡದ ಬೀದಿಗಳಲ್ಲಿ ಎಸೆದು ಹೋದ ವಸ್ತುಗಳನ್ನು, ಮುರಿದ ಕುರ್ಚಿಯಂಥವನ್ನು, ಬಣ್ಣ ಮಾಸಿದ ಗೋಡೆಗಳ ಮುಂದೆ ಇರಿಸಿ ಚಿತ್ರಗಳನ್ನು ತೆಗೆದಿದ್ದರು. ಅವನ್ನು ದೊಡ್ಡ ಹಾಳೆಗಳಲ್ಲಿ ಸಾವಿರಾರು ಪ್ರತಿಗಳಾಗಿ ಅಚ್ಚು ಹಾಕಿಸಿ, ನೆಲದ ಮೇಲೆ ಕಟ್ಟುಕಟ್ಟಾಗಿ ಪೇರಿಸಿದರು. ಬಂದವರು ತಮಗೆ ಬೇಕಾದ ಹಾಳೆಗಳನ್ನು ಆರಿಸಿಕೊಂಡು ಮನೆಗೆ ಒಯ್ಯಬಹುದಾಗಿತ್ತು. ಮೇಲೆ ಗೋಡೆಯಲ್ಲಿ ಮುಟ್ಟಬಾರದ ಚಿತ್ರಗಳು, ಕೆಳಗೆ ನೆಲದಲ್ಲಿ ಕೊಂಡೊಯ್ಯಬಹುದಾದ ಚಿತ್ರಗಳು. ಈ ಸರಳವಾದ ಯುಕ್ತಿ ಎಲ್ಲರ ಮನಸ್ಸನ್ನೂ ಗೆದ್ದಿತು. ಆ ವರ್ಷ ಅತ್ಯುತ್ತಮ ಮಂಟಪಕ್ಕೆ ಕೊಡುವ ‘ಚಿನ್ನದ ಸಿಂಹ’ ಅಂಗೋಲಕ್ಕೆ ಬಂದಿತು. ಆಫ್ರಿಕಾದ ದೇಶವೊಂದಕ್ಕೆ ಆ ಗೌರವ ಸಂದುದು ಅದೇ ಮೊದಲು.

ಅದೇ ವರ್ಷ ಕೀನ್ಯಾದ ಹೆಸರಿನಲ್ಲಿಯೂ ಒಂದು ಮಂಟಪವಿತ್ತು. ಒಳಗೆ ಹೋದವರಿಗೆ ಸೋಜಿಗ ಕಾದಿತ್ತು. ಅಲ್ಲಿ ಕೃತಿಗಳನ್ನು ಇಟ್ಟಿದ್ದವರಲ್ಲಿ ಬಹುಮಂದಿ ಚೀನದವರು! ಬಾಗಿಲಿನ ಮೇಲೆ ಕೀನ್ಯಾದ ಹೆಸರು, ಒಳಗೆ ಬೇರೆಯವರ ಸಂಸಾರ. 2015ರಲ್ಲಿ ಮತ್ತೆ ಹಾಗೆಯೇ ಏರ್ಪಾಡಾಗುತ್ತಿದೆಯೆಂದು ತಿಳಿದಾಗ ಕೀನ್ಯಾದ ಕಲಾವಿದರು ಸಿಡಿದೆದ್ದರು. ಪ್ರತಿಭಟನೆಯ ಮನವಿಗಳು ಹೊರಟವು. ಕೊನೆಗೆ ಆ ದೇಶದ ಸರಕಾರವೇ ಈ ಮಂಟಪಕ್ಕೂ ತನಗೂ ಸಂಬಂಧವಿಲ್ಲವೆಂದು ಹೇಳಿತು, ಮಂಟಪ ರದ್ದಾಯಿತು. 2017ರಲ್ಲಿ ಕೀನ್ಯಾದ ಕಲಾವಿದರು ತಮ್ಮ ಕೃತಿಗಳೊಡನೆ ತಾವೇ ಬಂದರು. ಮನೆ ಕಟ್ಟಿದರೆ ಸಾಲದು, ಒಳಗೆ ಯಾರು ಕುಳಿತಿದ್ದಾರೆಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ. ಇದೇ 2015ರಲ್ಲಿ ಇಡೀ ಮೇಳದ ಪ್ರಧಾನ ಪ್ರದರ್ಶನವನ್ನು ಸಂಯೋಜಿಸಿದವರು ನೈಜೀರಿಯದಲ್ಲಿ ಹುಟ್ಟಿದ ಓಕ್ವಿ ಎನ್ವೆಜೋರ್. ಆ ಹೊಣೆ ಆಫ್ರಿಕಾದವರೊಬ್ಬರಿಗೆ ಬಂದುದು ಅದೇ ಮೊದಲು. ಒಂದೇ ವರ್ಷದ ಒಂದೇ ಮೇಳದಲ್ಲಿ ಆ ಮಾನವೂ ಈ ಅಪಮಾನವೂ ಕೂಡಿಬಂದವು.

2019ರಲ್ಲಿ ನನಗೆ ವೆನಿಸನ್ನು ನೋಡುವ ಅವಕಾಶ ಒದಗಿತು. ರಸ್ತೆಯ ಬದಲು ಕಾಲುವೆ, ಬಸ್ಸಿನ ಬದಲು ದೋಣಿ ಇರುವ ಆ ಊರಿನ ವರ್ಣನೆಯನ್ನು ನೀವು ಬೇರೆಡೆ ಓದಿರುತ್ತೀರಿ; ಅದನ್ನು ಇಲ್ಲಿ ಬಿಡುತ್ತೇನೆ. ಆರ್ಸೆನಾಲೆಯೆಂಬುದು ಒಂದು ಕಾಲದಲ್ಲಿ ವೆನಿಸಿನ ಯುದ್ಧನೌಕೆಗಳನ್ನು ಕಟ್ಟುತ್ತಿದ್ದ ಸ್ಥಳ. ಇಟ್ಟಿಗೆಯ ಕಂಬಗಳು, ಎತ್ತರದ ತೊಲೆಗಳು, ಉದ್ದಕ್ಕೂ ಕೊನೆಯಿಲ್ಲದಂತೆ ಸಾಗುವ ಹಜಾರಗಳು. ಒಂದರ ಹಿಂದೊಂದು ದೇಶಗಳನ್ನು ದಾಟುತ್ತ ಹೋಗಿ ಕಾಲು ಸೋತಿದ್ದಾಗ, ಎದುರಿಗೆ ಒಂದು ಮಣ್ಣಿನ ಗೋಡೆ ಕಾಣಿಸಿತು. ನೇರವಾದ ಗೋಡೆಯಲ್ಲ, ಕಣಜದಂತೆ ದುಂಡಗೆ ಬಾಗಿದ ಗೋಡೆ. ಕೈಯಿಂದ ಮೆತ್ತಿದ ಕೆಂಪುಮಣ್ಣಿನ ಗಾರೆ. ಅದು ಘಾನಾ ದೇಶದ ಮಂಟಪ.

ಘಾನಾ ಆ ವರ್ಷವೇ ಮೊದಲ ಬಾರಿಗೆ ವೆನಿಸಿಗೆ ಬಂದಿತ್ತು. ಮಂಟಪದ ಹೆಸರು ‘ಘಾನಾ ಫ್ರೀಡಂ’. 1957ರ ಮಾರ್ಚಿ 6ರಂದು ಆ ದೇಶ ಸ್ವತಂತ್ರವಾದಾಗ ಇ. ಟಿ. ಮೆನ್ಸಾ ಎಂಬ ಸಂಗೀತಗಾರರು ಕಟ್ಟಿದ ಹಾಡೊಂದರ ಹೆಸರು ಅದು. ಬ್ರಿಟಿಷರು ಆ ನಾಡನ್ನು ‘ಚಿನ್ನದ ಕರಾವಳಿ’ ಎಂದು ಕರೆಯುತ್ತಿದ್ದರು. ಅಲ್ಲಿಂದ ತಾವು ಒಯ್ಯುತ್ತಿದ್ದ ಸರಕಿನ ಹೆಸರನ್ನೇ ನಾಡಿಗೆ ಇಟ್ಟಿದ್ದರು. ಸ್ವತಂತ್ರರಾದವರು ಆ ಹೆಸರನ್ನು ಕಿತ್ತುಹಾಕಿ ಪ್ರಾಚೀನ ಸಾಮ್ರಾಜ್ಯವೊಂದರ ಹೆಸರನ್ನು ಇಟ್ಟುಕೊಂಡರು. ಮಂಟಪವನ್ನು ರೂಪಿಸಿದ ವಾಸ್ತುಶಿಲ್ಪಿ ಡೇವಿಡ್ ಅಜಾಯೆ, ಉತ್ತರ ಘಾನಾದ ಗುರುನ್ಸಿ ಜನರ ಮಣ್ಣಿನ ಮನೆಗಳನ್ನು ಮಾದರಿಯಾಗಿ ತೆಗೆದುಕೊಂಡಿದ್ದರು. ಗೋಡೆಗೆ ಮೆತ್ತಿದ್ದ ಮಣ್ಣನ್ನು ಘಾನಾದಿಂದಲೇ ತರಿಸಲಾಗಿತ್ತು. ವೆನಿಸಿನಂಥ ಅಮೃತಶಿಲೆಯ ಊರಿಗೆ ಮಣ್ಣನ್ನು ಹಡಗಿನಲ್ಲಿ ತರುವುದೆಂದರೆ! ಹಿಂದೆ ಅದೇ ಕರಾವಳಿಯಿಂದ ಹಡಗುಗಳು ಚಿನ್ನವನ್ನೂ ದಂತವನ್ನೂ ಸಂಕೋಲೆ ತೊಡಿಸಿದ ಮನುಷ್ಯರನ್ನೂ ಹೊತ್ತೊಯ್ದಿದ್ದವು.

ಒಳಗೆ ಆರು ಕಲಾವಿದರ ಕೃತಿಗಳಿದ್ದವು. ಮೂವರು ಗಂಡಸರು, ಮೂವರು ಹೆಂಗಸರು. ಎಲ್ಲವನ್ನೂ ವರ್ಣಿಸಹೊರಟರೆ ಪಟ್ಟಿಯಾದೀತು. ಎಲ್ ಅನಾತ್ಸುಯಿ ಅವರ ಕೃತಿಯ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ದೂರದಿಂದ ಅದು ಜರತಾರಿಯ ದೊಡ್ಡ ವಸ್ತ್ರ. ಹತ್ತಿರ ಹೋದರೆ ಹೆಂಡದ ಬಾಟಲಿಗಳ ತಗಡಿನ ಮುಚ್ಚಳಗಳು! ಸಾವಿರಾರು ಮುಚ್ಚಳಗಳನ್ನು ತಟ್ಟಿ ಚಪ್ಪಟೆ ಮಾಡಿ, ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದಿದ್ದರು. ಯುರೋಪಿನ ವ್ಯಾಪಾರಿಗಳು ಹೆಂಡವನ್ನು ತಂದು ಕೊಟ್ಟು ಆ ಕರಾವಳಿಯಲ್ಲಿ ಏನೇನನ್ನು ಕೊಂಡರೆಂಬುದನ್ನು ಬಲ್ಲವರಿಗೆ ಆ ಮುಚ್ಚಳಗಳ ಆಯ್ಕೆ ಆಕಸ್ಮಿಕವೆನಿಸದು. ಇಬ್ರಾಹೀಂ ಮಹಾಮಾ ಎಂಬ ತರುಣರು ಮೀನನ್ನು ಹೊಗೆಯಲ್ಲಿ ಒಣಗಿಸುವ ಹಳೆಯ ಜಾಲರಿಗಳನ್ನು ಜೋಡಿಸಿ ಗೋಡೆಯನ್ನೇ ಕಟ್ಟಿದ್ದರು. ಅದರ ಬಳಿ ಸುಳಿದರೆ ಮೀನಿನ ವಾಸನೆ ಬರುತ್ತಿತ್ತು. ನನ್ನ ಮುಂದಿದ್ದ ಇಬ್ಬರು ಯಾತ್ರಿಕರು ಮೂಗು ಮುಚ್ಚಿಕೊಂಡು ಹೊರಟರು. ಕಡಲತೀರದ ಜನರ ದುಡಿಮೆಗೆ ವಾಸನೆಯಿಲ್ಲದಿರಬೇಕೆಂದರೆ ಹೇಗಾದೀತು?

ಇನ್ನೊಂದು ಕಡೆ ಕಪ್ಪುಬಿಳುಪಿನ ಚಿಕ್ಕ ಭಾವಚಿತ್ರಗಳು ಸಾಲಾಗಿದ್ದವು. ಅವು ಘಾನಾದ ಮೊದಲ ವೃತ್ತಿಪರ ಮಹಿಳಾ ಛಾಯಾಗ್ರಾಹಕಿ ಫೆಲಿಷಿಯಾ ಅಬ್ಬಾನ್ ಅವರವು. ಅವರು ತಂದೆಯ ಕೈಕೆಳಗೆ ಈ ವಿದ್ಯೆಯನ್ನು ಕಲಿಯತೊಡಗಿದಾಗ ಹದಿನಾಲ್ಕು ವರ್ಷ, ಅಂದರೆ ನಿಮ್ಮ ವಯಸ್ಸು. ಆಮೇಲೆ ಅಕ್ರಾ ನಗರದಲ್ಲಿ ತಮ್ಮದೇ ಸ್ಟುಡಿಯೋ ಇಟ್ಟರು. ಸಭೆ ಸಮಾರಂಭಗಳಿಗೆ ಹೊರಡುವ ಮೊದಲು ಚೆನ್ನಾಗಿ ಉಡುಗೆ ತೊಟ್ಟು ತಮ್ಮ ಚಿತ್ರವನ್ನು ತಾವೇ ತೆಗೆದುಕೊಳ್ಳುವುದು ಅವರ ಪದ್ಧತಿ. ಸ್ವಾತಂತ್ರ್ಯ ಬಂದ ಹೊಸದರ ಆ ಚಿತ್ರಗಳಲ್ಲಿ ಅವರು ನೆಟ್ಟಗೆ ನಿಂತು ನಮ್ಮನ್ನು ನೋಡುತ್ತಾರೆ. ತೆರ್ವೂರೆನ್ನಿನ ಹಳೆಯ ಚಿತ್ರಗಳನ್ನು ಪುಸ್ತಕಗಳಲ್ಲಿ ನೋಡಿದ್ದ ನನಗೆ ಈ ನೋಟದ ಬೆಲೆ ಏನೆಂದು ಆಗ ತಿಳಿಯಿತು. ಅಲ್ಲಿ ಕ್ಯಾಮೆರಾ ಬೇಲಿಯ ಹೊರಗಿನವರ ಕೈಯಲ್ಲಿತ್ತು. ಇಲ್ಲಿ ನಿಂತವರೂ ಅವರೇ, ತೆಗೆದವರೂ ಅವರೇ. ಫೆಲಿಷಿಯಾ ಅಬ್ಬಾನ್ 2024ರಲ್ಲಿ ತೀರಿಕೊಂಡರು.

ಅದೇ ಆರ್ಸೆನಾಲೆಯಲ್ಲಿ ಆ ವರ್ಷ ಭಾರತದ ಮಂಟಪವೂ ಇತ್ತು. 2011ರ ಬಳಿಕ ಎಂಟು ವರ್ಷಗಳಿಗೆ ಭಾರತ ಮತ್ತೆ ಅಲ್ಲಿಗೆ ಬಂದಿತ್ತು. ಗಾಂಧೀಜಿಯವರ 150ನೆಯ ಜಯಂತಿಯ ಸಂದರ್ಭ. ನಂದಲಾಲ ಬೋಸರು ಹರಿಪುರ ಕಾಂಗ್ರೆಸ್ ಅಧಿವೇಶನಕ್ಕಾಗಿ ಬರೆದ ಚಿತ್ರಗಳು ಅಲ್ಲಿದ್ದವು. ಒಂದು ದೊಡ್ಡ ಗೋಡೆಯ ತುಂಬ ಮರದ ಹಾವುಗೆಗಳು, ನೂರಾರು ಹಾವುಗೆಗಳು, ಮೇಲಕ್ಕೆ ಹರಡಿಕೊಂಡು ಹೋಗಿದ್ದವು. ಹತ್ತಿರ ನೋಡಿದರೆ ಒಂದೊಂದರ ಮೇಲೂ ಬೇರೆ ಬೇರೆ ಕುರುಹು. ಅವನ್ನು ಮೆಟ್ಟಿ ನಡೆಯುವವರು ಬೇರೆ ಬೇರೆಯವರೆಂದು ಹೇಳುವಂತೆ. ಪಕ್ಕದ ಫಲಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಹೆಸರನ್ನು ಓದಿದೆ: ‘ನಾವು’. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಚಿತ್ರಕಲೆ ಕಲಿತು, ದೆಹಲಿಯಲ್ಲಿ ನೆಲೆಸಿದ ಜಿ. ಆರ್. ಈರಣ್ಣ ಅವರ ಕೃತಿ ಅದು. ಹೆಸರನ್ನು ಅವರು ಅನುವಾದದಲ್ಲಿ ಮುಳುಗಿಸಿರಲಿಲ್ಲ. ಯಾವ ದೇಶದಿಂದ ಬಂದವರೂ ಆ ಕನ್ನಡ ಮಾತನ್ನು ತಮ್ಮ ನಾಲಗೆಯಲ್ಲಿ ಹೊರಳಿಸಿ ಉಚ್ಚರಿಸುವ ಪ್ರಯತ್ನ ಮಾಡಬೇಕಾಗಿತ್ತು. ಅಷ್ಟು ದೂರದಲ್ಲಿ ಅಷ್ಟು ಚಿಕ್ಕ ಮಾತೊಂದನ್ನು ಕಂಡಾಗ ಆದ ಸಂತೋಷದಿಂದ, ಘಾನಾದಿಂದ ಬಂದವರು ತಮ್ಮ ಮಣ್ಣಿನ ಗೋಡೆಯನ್ನು ಕಂಡಾಗ ಏನು ಅನುಭವಿಸಿದ್ದಾರೆಂಬುದನ್ನು ಊಹಿಸಿಕೊಂಡೆ.

ಬಡದೇಶಗಳು ಇಂಥ ಆಡಂಬರಕ್ಕೆ ಹಣ ಸುರಿಯಬೇಕೆ, ಆ ಹಣದಲ್ಲಿ ಒಂದು ಆಸ್ಪತ್ರೆ ಕಟ್ಟಿಸಬಾರದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಕೆಟ್ಟದಲ್ಲ. ಆಸ್ಪತ್ರೆ ಬೇಕು, ಆಸ್ಪತ್ರೆಯೇ ಮೊದಲು ಬೇಕು. ಆದರೆ ಈ ಪ್ರಶ್ನೆಯನ್ನು ಬಡವರಿಗೆ ಮಾತ್ರ ಹಾಕುವುದನ್ನು ನಾನು ಗಮನಿಸಿದ್ದೇನೆ. ಬಡವನ ಮನೆಯ ಮದುವೆಯಲ್ಲಿ ಓಲಗದ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಸಾಹುಕಾರನ ಮನೆಯ ಚಪ್ಪರದ ಖರ್ಚನ್ನು ಯಾರೂ ಕೇಳುವುದಿಲ್ಲ. ಅಲ್ಲದೆ ಮಂಟಪಕ್ಕೆ ಹೋದ ಹಣವೆಲ್ಲ ದೊಡ್ಡವರ ಕೈಗೇ ಹೋಗುತ್ತದೆಂದು ತಿಳಿಯಬಾರದು. 2022ರಲ್ಲಿ ಉಗಾಂಡ ಮೊದಲ ಸಲ ವೆನಿಸಿಗೆ ಬಂದಾಗ ಅಕಾಯೆ ಕೆರುನೆನ್ ಎಂಬ ಕಲಾವಿದೆ ತಮ್ಮ ನಾಡಿನ ಹೆಂಗಸರು ಹುಲ್ಲು, ನಾರು, ಬಾಳೆಯ ಪಟ್ಟೆಗಳಿಂದ ಹೆಣೆದ ಹೆಣಿಗೆಯನ್ನೇ ತಮ್ಮ ಶಿಲ್ಪಗಳಿಗೆ ಬಳಸಿಕೊಂಡರು. ಮನೆಯಲ್ಲಿ ಚಾಪೆ ಹೆಣೆಯುವವರ ಕೈಗೆಲಸ ತೀರ್ಪುಗಾರರ ವಿಶೇಷ ಮನ್ನಣೆಯನ್ನು ಪಡೆಯಿತು. 2024ರಲ್ಲಿ ಬೆನಿನ್, ಸೆನೆಗಲ್, ಇಥಿಯೋಪಿಯ, ತಾಂಜಾನಿಯಗಳು ಮೊದಲ ಬಾರಿಗೆ ತಮ್ಮ ಬಾಗಿಲುಗಳನ್ನು ತೆರೆದವು.

ಆ 2024ರಲ್ಲಿಯೇ ಕಾಂಗೋ ಜನ ಮತ್ತೆ ಯುರೋಪಿನ ಮೇಳವೊಂದರಲ್ಲಿ ಕಾಣಿಸಿಕೊಂಡ ಬಗೆಯನ್ನು ಹೇಳಬೇಕು. ಉದ್ಯಾನದಲ್ಲಿ ಡಚ್ಚರಿಗೆ ಒಂದು ಮಂಟಪವುಂಟು. ಆ ಸಲ ಅವರು ಅದನ್ನು ಕಾಂಗೋದ ಲುಸಾಂಗಾ ಎಂಬ ಊರಿನ ತೋಟದ ಕೂಲಿಗಳ ಕಲಾಸಂಘಕ್ಕೆ ಬಿಟ್ಟುಕೊಟ್ಟರು. ಲುಸಾಂಗಾವನ್ನು ಹಿಂದೆ ಲೀವರ್‌ವಿಲ್ ಎಂದು ಕರೆಯುತ್ತಿದ್ದರು. ಸಾಬೂನಿಗಾಗಿ ತಾಳೆಯೆಣ್ಣೆ ತೆಗೆಯುತ್ತಿದ್ದ ಲೀವರ್ ಕಂಪನಿಯ ತೋಟಗಳಿದ್ದ ಊರು. ಕೂಲಿಗಳ ಮಕ್ಕಳು ಮೊಮ್ಮಕ್ಕಳು ತಮ್ಮ ನೆಲದ ಜೇಡಿಮಣ್ಣಿನಿಂದ ಪ್ರತಿಮೆಗಳನ್ನು ಮಾಡುತ್ತಾರೆ. ಆಮೇಲೆ ಅವನ್ನು ಕೋಕೋ ಮತ್ತು ತಾಳೆಯೆಣ್ಣೆಗಳಲ್ಲಿ ಎರಕ ಹೊಯ್ದು ಹೊರದೇಶಗಳಲ್ಲಿ ಮಾರುತ್ತಾರೆ. ಬಂದ ಹಣದಿಂದ, ಒಂದು ಕಾಲದಲ್ಲಿ ತೋಟವಾಗಿ ಸವೆದುಹೋದ ಭೂಮಿಯನ್ನು ಸ್ವಲ್ಪಸ್ವಲ್ಪವಾಗಿ ಕೊಂಡು, ಅಲ್ಲಿ ಮತ್ತೆ ಕಾಡನ್ನೂ ಬೆಳೆಯನ್ನೂ ಎಬ್ಬಿಸುತ್ತಿದ್ದಾರೆ.

1931ರಲ್ಲಿ ಆ ಪ್ರಾಂತದ ಪೆಂಡೆ ಜನ ಬೆಲ್ಜಿಯನ್ನರ ವಿರುದ್ಧ ದಂಗೆಯೆದ್ದಾಗ ಬಾಲೋ ಎಂಬ ಅಧಿಕಾರಿ ಕೊಲ್ಲಲ್ಪಟ್ಟನು. ಅವನ ಸಿಟ್ಟಿನ ಆತ್ಮವನ್ನು ಕಟ್ಟಿಹಾಕಲೆಂದು ಪೆಂಡೆ ಶಿಲ್ಪಿಯೊಬ್ಬನು ಅವನ ಮರದ ಪ್ರತಿಮೆಯನ್ನು ಕಡೆದನು. ಆ ಪ್ರತಿಮೆ ಕೈಯಿಂದ ಕೈಗೆ ದಾಟಿ ಕೊನೆಗೆ ಅಮೆರಿಕದ ವರ್ಜೀನಿಯದ ಒಂದು ವಸ್ತುಸಂಗ್ರಹಾಲಯವನ್ನು ಸೇರಿತ್ತು. ವೆನಿಸಿನ ಮೇಳ ನಡೆಯುವಷ್ಟು ತಿಂಗಳು ಅದನ್ನು ಕಡವಾಗಿ ಕೊಡಬೇಕೆಂದು ಲುಸಾಂಗಾದವರು ಕೇಳಿ ಪಡೆದರು. ಅವರು ಅದನ್ನು ವೆನಿಸಿಗೆ ತರಲಿಲ್ಲ. ಕಾಂಗೋದಲ್ಲಿ, ತಮ್ಮ ಊರಿನಲ್ಲಿಯೇ ಕಟ್ಟಿಸಿಕೊಂಡ ಬ��ಳಿಯ ಗೋಡೆಯ ಸಂಗ್ರಹಾಲಯದಲ್ಲಿ ಇಟ್ಟುಕೊಂಡರು. ಅಲ್ಲಿಯ ರೈತರೂ ಕೂಲಿಗಳೂ ಮಕ್ಕಳೂ ಅದರ ಮುಂದೆ ನಿಂತು ಅದನ್ನು ಕಣ್ಣಾರೆ ಕಂಡರು. ವೆನಿಸಿನ ಡಚ್ ಮಂಟಪಕ್ಕೆ ದುಡ್ಡು ಕೊಟ್ಟು ಬಂದ ಯುರೋಪಿನ ಪ್ರೇಕ್ಷಕರಿಗೆ, ಲುಸಾಂಗಾದಿಂದ ಬರುತ್ತಿದ್ದ ನೇರ ಪ್ರಸಾರದಲ್ಲಿ, ತೆರೆಯ ಮೇಲೆ ಅದರ ಚಿತ್ರ ಮಾತ್ರ ಕಾಣಿಸುತ್ತಿತ್ತು.